ಬಸ್ ಬರುವ ತನಕದ ಒಂದೂಮುಕ್ಕಾಲು ಗಂಟೆ

ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರೂ ಅಲ್ಲ, ಕೌನ್ಸೆಲರೂ ಅಲ್ಲ. ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಎನ್‌ಎಸ್‌ಎಸ್ ನನ್ನ ತಲೆಗೆ ಕಟ್ಟಿದ್ದರು, ಅದರ ಬಾಲ ಹಿಡಿದು ‘ವ್ಯಸನಮುಕ್ತ ಕಾಲೇಜು’ ಕೆಲಸವೂ ಬಂತು. ಇದು ಹೆಗಲಿಗೆ ಬಿದ್ದ ಮೇಷ್ಟ್ರುಗಳು ತುಂಬಾ ಜನ ಇದ್ದೀರಿ. ಗಾಂಜಾ ಏನು, ಮೂಸಿ ನಶೆ ಏರಿಸಿಕೊಳ್ಳುವ ಪಂಕ್ಚರ್ ಅಂಟು ‘ಸೊಲ್ಯೂಷನ್’ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಎಲ್ಲಿ ಎಡವಿದೆ, ದುಡ್ಡು ಎಲ್ಲಿ ಹೋಯಿತು, ಕೊನೆಗೆ ಏನು ನಡೆಯಿತು, ಅಷ್ಟೇ ಬರೆಯುತ್ತೇನೆ. ಸ್ಟಾಫ್ ರೂಮಿನಲ್ಲಿ ನಕ್ಕವರು ಇದನ್ನು ಓದಲಿ ಅನ್ನುವ ಸಣ್ಣ ಆಸೆಯೂ ಇದೆ. ಸುಳ್ಳು ಯಾಕೆ ಹೇಳಲಿ?

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಜೂನ್ 26ಕ್ಕೆ, ಮಾದಕ ವಸ್ತು ವಿರೋಧಿ ದಿನಕ್ಕೆ, ಜಾಥಾ. ಫ್ಲೆಕ್ಸು, ಟೋಪಿ, ಮೈಕ್ ಸೆಟ್ಟು, ಶಾಮಿಯಾನ, ಅತಿಥಿಗಳಿಗೆ ಹಾರ ಶಾಲು, ಮಕ್ಕಳಿಗೆ ಉಪ್ಪಿಟ್ಟು. ಒಟ್ಟು ಹದಿನಾಲ್ಕು ಸಾವಿರದ ಹತ್ತಿರ. ಒಂಬತ್ತು ಸಾವಿರ ಕಾಲೇಜು ಅಭಿವೃದ್ಧಿ ಸಮಿತಿಯದು, ಉಳಿದದ್ದು ನನ್ನ ಜೇಬಿನದು. ಅದು ಇವತ್ತಿಗೂ ವಾಪಸ್ ಬಂದಿಲ್ಲ. ಅತಿಥಿಯೊಬ್ಬರು ಯಾವ್ಯಾವುದರಿಂದ ನಶೆ ಏರುತ್ತದೆ ಅಂತ ಪಟ್ಟಿಯನ್ನೇ ಓದಿದರು. ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಥಿನ್ನರ್, ನೋವಿನ ಮಾತ್ರೆ... ಮಕ್ಕಳು ಅಷ್ಟು ಶ್ರದ್ಧೆಯಿಂದ ನನ್ನ ಪಾಠ ಯಾವತ್ತೂ ಕೇಳಿರಲಿಲ್ಲ. ಸಂಜೆ ಒಬ್ಬ ಹುಡುಗ ಬಂದು, “ಸಾರ್, ವೈಟ್ನರ್ ಮೂಸಿದ್ರೂ ಆಗುತ್ತಾ?” ಅಂತ ಕೇಳಿದ. ಅಲ್ಲಿಯ ತನಕ ಅವನಿಗೆ ಗೊತ್ತೇ ಇರಲಿಲ್ಲ. ಹೇಳಿಕೊಟ್ಟವರು ನಾವು.

ಅಮೆರಿಕದಲ್ಲಿ ‘ಡೇರ್’ ಅಂತ ಒಂದು ಕಾರ್ಯಕ್ರಮ 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುರುವಾಗಿತ್ತು. ಪೊಲೀಸರು ಯೂನಿಫಾರ್ಮ್ ಹಾಕಿಕೊಂಡು ಕ್ಲಾಸಿಗೆ ಬಂದು ಪಾಠ ಮಾಡುವುದು. ವರ್ಷಗಟ್ಟಲೆ ನಡೆಸಿ ಲೆಕ್ಕ ನೋಡಿದರೆ ಮಕ್ಕಳ ಚಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅದನ್ನು ಓದಿದಾಗ ಸಮಾಧಾನ ಆಯಿತು. ಅವರು ಡಾಲರ್ ಸುರಿದು ಕಲಿತದ್ದನ್ನು ನಾನು ಹದಿನಾಲ್ಕು ಸಾವಿರಕ್ಕೆ ಕಲಿತಿದ್ದೆ.

ಎರಡನೇ ವರ್ಷ ಇನ್ನೂ ದೊಡ್ಡ ತಪ್ಪು. ಬ್ಯಾಗ್ ಹುಡುಕಿಸಿದೆ. ಮೂರು ಸೊಲ್ಯೂಷನ್ ಟ್ಯೂಬು, ಒಂದಷ್ಟು ಗುಟ್ಕಾ ಸ್ಯಾಶೆ ಸಿಕ್ಕವು. ಟ್ಯೂಬು ಸಿಕ್ಕಿದ ಒಬ್ಬನ ಅಪ್ಪನನ್ನು ಕರೆಸಿದೆವು. ಅವರು ಅಲ್ಲೇ ಎಲ್ಲರ ಎದುರು ಹೊಡೆದು, ಟಿಸಿ ಬರೆಸಿಕೊಂಡು ಹೋದರು. ಹುಡುಗ ಈಗ ಟೈರ್ ಅಂಗಡಿಯಲ್ಲಿದ್ದಾನೆ. ಅಂದರೆ ದಿನವಿಡೀ ಅದೇ ಸೊಲ್ಯೂಷನ್ ಡಬ್ಬದ ಪಕ್ಕದಲ್ಲಿ. ಆ ರಸ್ತೆಯಲ್ಲಿ ಹೋಗುವಾಗ ನಾನು ಬೈಕ್ ನಿಲ್ಲಿಸುವುದಿಲ್ಲ.

ಅದೇ ವರ್ಷ ಕಾಲೇಜಿನ ಹಿಂದಿನ ನೀರಿನ ಟ್ಯಾಂಕ್ ಹತ್ತಿರ ಸೊಲ್ಯೂಷನ್ ಬಟ್ಟೆಗೆ ಹಾಕಿ ಎಳೆಯುತ್ತಿದ್ದ ಇಬ್ಬರನ್ನು ಕೂಗಿ ಅಟ್ಟಿಸಿಕೊಂಡು ಹೋದೆ. ಹೆಮ್ಮೆಯಿಂದ ಇದನ್ನು ಮನೋವೈದ್ಯರ ಹತ್ತಿರ ಹೇಳಿಕೊಂಡೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರಲ್ಲ, ಅವರು. ಅವರ ಮುಖ ಬಿಳುಚಿಕೊಂಡಿತು. “ಏನ್ರೀ ಮೇಷ್ಟ್ರೇ, ಕೊಂದುಬಿಡ್ತಿದ್ರಲ್ಲ!” ಅಂದರು. ಆ ಆವಿ ಎಳೆದಾಗ ಹೃದಯ ನಾಜೂಕಾಗಿರುತ್ತದಂತೆ. ಆಗ ಬೆದರಿಸಿದರೆ, ಓಡಿಸಿದರೆ ಬಡಿತ ಏರುಪೇರಾಗಿ ನಿಂತೇ ಹೋಗಬಹುದು. ಮೊದಲ ಸಲ ಎಳೆದವನಿಗೂ ಆಗಬಹುದು. ಬಟ್ಟೆ ದೂರ ಇಡಿ, ಗಾಳಿಯಲ್ಲಿ ಕೂರಿಸಿ, ಮೆಲ್ಲಗೆ ಮಾತಾಡಿಸಿ, ಒಬ್ಬನನ್ನೇ ಬಿಟ್ಟು ಹೋಗಬೇಡಿ, ಮಾತು ತೊದಲಿದರೆ, ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ. ಇಷ್ಟು ಹೇಳಿ ಕಳಿಸಿದರು. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಅಂಗಡಿ ವಿಷಯಕ್ಕೆ ಬಂದರೆ, ಆಗಿನ ನೂರು ಗಜದ ನಿಯಮ ನಿಮಗೆ ಗೊತ್ತು: ಶಾಲೆ ಕಾಲೇಜಿನಿಂದ ಅಷ್ಟು ದೂರದೊಳಗೆ ತಂಬಾಕು ಮಾರುವಂತಿಲ್ಲ. ನೂರು ಗಜ ಅಂದರೆ 91 ಮೀಟರ್ ಚಿಲ್ಲರೆ. ಟೇಪ್ ಹಿಡಿದು ಅಳೆದೆವು. ಗೂಡಂಗಡಿ ಎಪ್ಪತ್ತು ಮೀಟರಿನಲ್ಲಿತ್ತು. ದೂರು ಕೊಟ್ಟೆ, ಇನ್ನೂರು ರೂಪಾಯಿ ದಂಡ ಬಿತ್ತು. ಆಮೇಲೆ ಅವನು ಅಂಗಡಿಯನ್ನು ಮೂವತ್ತು ಮೀಟರ್ ಆಚೆ, ಬಸ್ ನಿಲ್ಲುವ ಜಾಗಕ್ಕೇ ಸಾಗಿಸಿದ. ವ್ಯಾಪಾರ ಡಬಲ್! ಸಿಕ್ಕಾಗಲೆಲ್ಲ ನನಗೆ ನಮಸ್ಕಾರ ಹಾಕುತ್ತಿದ್ದ. ಕೊನೆಗೆ ಕೆಲಸಕ್ಕೆ ಬಂದದ್ದು ತಂಬಾಕು ಕಾನೂನು ಅಲ್ಲ, ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್. 18ರ ಒಳಗಿನವರಿಗೆ ತಂಬಾಕು, ಮದ್ಯ, ಮಾದಕ ವಸ್ತು ಕೊಟ್ಟರೆ ಏಳು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಅದನ್ನು ಕನ್ನಡದಲ್ಲಿ ಟೈಪ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ, ಸುಮ್ನೆ ಕೈಗೆ ಕೊಟ್ಟು ಬಂದೆ. ಖರ್ಚು ನಲವತ್ತು ರೂಪಾಯಿ. ಈಗ ನಮ್ಮ ರಾಜ್ಯದಲ್ಲಿ ತಂಬಾಕಿನ ವಯಸ್ಸು 21ಕ್ಕೆ ಏರಿದೆ, ಆದರೆ ಅಂಗಡಿಯವರಿಗೆ ನಡುಕ ಹುಟ್ಟಿಸುವುದು ಆ ಏಳು ವರ್ಷವೇ.

ಮೂರನೇ ವರ್ಷ ಮಕ್ಕಳಿಗೆ ಪ್ರಶ್ನೆಗಳ ಚೀಟಿ ಕೊಡಲು ಶುರು ಮಾಡಿದೆ. ಹೆಸರಿಲ್ಲ, ರೋಲ್ ನಂಬರ್ ಇಲ್ಲ, ಬರೀ ಟಿಕ್. ‘ನೀನು ತಗೋತೀಯಾ’ ಅನ್ನುವುದು ಒಂದು ಪ್ರಶ್ನೆ ಮಾತ್ರ. ಎಲ್ಲಿ, ಎಷ್ಟು ಗಂಟೆಗೆ, ಯಾರ ದುಡ್ಡು, ನೂರಕ್ಕೆ ಎಷ್ಟು ಜನ ತಗೋತಾರೆ ಅಂತ ನಿನಗೆ ಅನಿಸುತ್ತೆ, ಇವು ಉಳಿದವು. ಪಟ್ಟಿಯಲ್ಲಿ ಪ್ರಪಂಚದಲ್ಲೇ ಇಲ್ಲದ ಒಂದು ನಶೆಯ ಹೆಸರನ್ನು ನಾನೇ ಹುಟ್ಟಿಸಿ ಸೇರಿಸಿದ್ದೆ. ಅದಕ್ಕೆ ಟಿಕ್ ಬಿದ್ದ ಚೀಟಿ ನೇರ ಕಸದ ಬುಟ್ಟಿಗೆ. ಮೊದಲ ಸಲ ಒಂಬತ್ತೋ ಹತ್ತೋ ಹಾಗೆ ಹೋದವು. ಒಬ್ಬ ಮಹಾನುಭಾವ ಅದನ್ನು ದಿನಾ ತಗೋತೀನಿ ಅಂದಿದ್ದ. ಆ ಹೆಸರು ಮಾತ್ರ ಇಲ್ಲಿ ಹೇಳುವುದಿಲ್ಲ. ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ಮುನ್ನೂರ ಚಿಲ್ಲರೆ ಚೀಟಿಯಲ್ಲಿ ಬೀಡಿ ಸಿಗರೇಟು ಗುಟ್ಕಾ ಸೇರಿ ಅರವತ್ತೈದರ ಆಸುಪಾಸು. ಸೊಲ್ಯೂಷನ್, ವೈಟ್ನರ್ ಹನ್ನೊಂದು. ಗಾಂಜಾ ಐದು. ಹನ್ನೊಂದು ಅಷ್ಟೇನಾ ಅನ್ನಬೇಡಿ. 2019ರಲ್ಲಿ ಬಂದ ಏಮ್ಸ್ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳೇ ಜಾಸ್ತಿ ಬಳಸುವ ನಶೆ ಅಂತ ಇದ್ದದ್ದು ಇದೊಂದೇ, ಮೂಸುವಂಥದ್ದು. ದೊಡ್ಡವರಲ್ಲಿ ನೂರಕ್ಕೆ 0.58, ಮಕ್ಕಳಲ್ಲಿ 1.17.

ಎರಡು ವಿಷಯ ನನ್ನನ್ನು ಎಬ್ಬಿಸಿ ಕೂರಿಸಿದವು. ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಗೋತಾರೆ ಅಂತ ಹೆಚ್ಚಿನವರು ಬರೆದಿದ್ದರು. ನಿಜವಾಗಿ ಐದರಲ್ಲಿ ಒಬ್ಬ. ನಾನು ಆ ಎರಡೂ ಅಂಕಿಯನ್ನು ಬೋರ್ಡಿನ ಮೇಲೆ ಬರೆದೆ, ಉಪದೇಶ ಮಾಡಲಿಲ್ಲ. ಹಿಂದಿನ ಬೆಂಚಿನಿಂದ, “ಹಂಗಾದ್ರೆ ನಾವೇನಾ ಕಮ್ಮಿ ಇರೋರು?” ಅಂತ ಒಂದು ದನಿ ಬಂತು. ಕ್ಲಾಸು ಗೊಳ್ಳೆಂದಿತು.

ಇನ್ನೊಂದು, ಸಮಯ. ರಾತ್ರಿಯಲ್ಲ, ಭಾನುವಾರ ಅಲ್ಲ. ಹೆಚ್ಚುಕಡಿಮೆ ಎಲ್ಲ ಟಿಕ್ ನಾಲ್ಕರಿಂದ ಐದೂಮುಕ್ಕಾಲರ ನಡುವೆ. ಕಾಲೇಜು ಬಿಡುವುದು ನಾಲ್ಕಕ್ಕೆ, ಹಳ್ಳಿ ಬಸ್ಸು ಬರುವುದು ಐದೂಮುಕ್ಕಾಲಿಗೆ. ಇನ್ನೂರು ಮಕ್ಕಳು, ಒಂದು ಗೂಡಂಗಡಿ, ಒಂದು ನೀರಿನ ಟ್ಯಾಂಕ್. ಇಷ್ಟು ವರ್ಷ ನಾವು ಹುಡುಗರನ್ನು ಬೈಯುತ್ತಿದ್ದೆವು. ಟೈಮ್‌ಟೇಬಲ್ ನೋಡಿರಲಿಲ್ಲ.

ಸ್ಟಾಫ್ ಮೀಟಿಂಗಿನಲ್ಲಿ ಐಸ್‌ಲ್ಯಾಂಡಿನ ಕಥೆ ಹೇಳಿದೆ. ಅಲ್ಲಿ ಶಾಲೆ ಬಿಟ್ಟ ಮೇಲಿನ ಹೊತ್ತನ್ನು ಆಟ, ಸಂಗೀತದಿಂದ ತುಂಬಿಸಿ, ಅಪ್ಪ ಅಮ್ಮಂದಿರನ್ನೂ ಜೊತೆಗೆ ಎಳೆದುಕೊಂಡರು. ಹದಿನೈದು ಹದಿನಾರರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದ್ದವರು 1998ರಲ್ಲಿ ನೂರಕ್ಕೆ 42 ಇದ್ದದ್ದು 2016ಕ್ಕೆ 5ಕ್ಕೆ ಇಳಿಯಿತು. “ಐಸ್‌ಲ್ಯಾಂಡಿಗೆ ದುಡ್ಡಿದೆ ಸ್ವಾಮಿ, ನಿಮಗೆ ಚಾಕ್‌ಪೀಸಿಗೇ ಇಲ್ಲ” ಅಂತ ಹಿರಿಯರೊಬ್ಬರು ಬಾಯಿ ಮುಚ್ಚಿಸಿದರು. ಸುಳ್ಳೇನಲ್ಲ.

ಬಸ್ಸಿನ ಹೊತ್ತು ಬದಲಿಸಿ ಅಂತ ಡಿಪೋಗೆ ಎರಡು ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ‘ನೋಡೋಣ’, ಎರಡನೆಯದಕ್ಕೆ ಸಿಬ್ಬಂದಿ ಇಲ್ಲ. ಮೂರನೇ ಸಲ ಅರ್ಜಿ ಒಯ್ಯಲಿಲ್ಲ, ಬೇರೆ ಒಂದು ಒಯ್ದೆ. ಲಂಚ ಅಲ್ಲ, ಆಣೆ ಮಾಡಿ ಹೇಳುತ್ತೇನೆ. ಏನು ಅಂತ ಹೇಳಿದರೆ ಇನ್ನೊಮ್ಮೆ ಅದು ನಡೆಯುವುದಿಲ್ಲ. ಮೂರು ದಾರಿಯಲ್ಲಿ ಒಂದರ ಬಸ್ಸು ನಾಲ್ಕೂಕಾಲಿಗೆ ಬಂತು. ನೂರಕ್ಕೂ ಜಾಸ್ತಿ ಮಕ್ಕಳು ಮನೆಗೆ.

ಉಳಿದವರಿಗೆ ವಾಲಿಬಾಲ್ ನೆಟ್ಟು, ಎರಡು ಬಾಲು, ಎರಡು ಕೇರಂ ಬೋರ್ಡು. ಆರೂವರೆ ಸಾವಿರ ಆಯಿತು ಅಂತ ನೆನಪು. ನೋಡಿಕೊಳ್ಳಲು ನಮ್ಮ ಹಳೆಯ ವಿದ್ಯಾರ್ಥಿಗೆ ತಿಂಗಳಿಗೆ ಸಾವಿರದ ಐನೂರು, ಮೂವರು ತಲಾ ಐನೂರು ಹಾಕಿದೆವು. ಮೊದಲ ತಿಂಗಳು ಪೂರ್ತಿ ಸೋಲು. ಚಟವೇ ಇಲ್ಲದ ಅದೇ ಹನ್ನೆರಡು ಹುಡುಗರು ಆಡುತ್ತಿದ್ದರು, ಟ್ಯಾಂಕಿನ ಗುಂಪು ಟ್ಯಾಂಕಿನಲ್ಲೇ ಇತ್ತು. ಆಗ ಆಟದ ರೂಮಿನ ಕೀಲಿಯನ್ನು ಆ ಗುಂಪಿನ ಇಬ್ಬರಿಗೇ ಕೊಟ್ಟೆ. “ಬಾಲ್ ಮಾರಿಕೊಂಡು ಸೊಲ್ಯೂಷನ್ ತರ್ತಾರೆ ನೋಡಿ” ಅಂದರು ದೈಹಿಕ ಶಿಕ್ಷಕರು. ಒಂದು ಬಾಲು ಹೋಯಿತು, ನಿಜ. ಅದು ಬೇಲಿ ಮುಳ್ಳಿಗೆ ಸಿಕ್ಕಿ ಒಡೆದದ್ದು.

ನಡುವೆ ಒಂದು ಜಾಣತನ ಮಾಡಿದೆ. ಕೈಕೆಲಸ ಕಲಿಸೋಣ ಅಂತ ಸೈಕಲ್ ಪಂಕ್ಚರ್ ಹಾಕುವ ತರಬೇತಿ ಇಟ್ಟೆ. ಕಿಟ್ ತರಿಸಿ ಹಂಚುವಾಗಲೂ ತಲೆಗೆ ಹೊಳೆಯಲಿಲ್ಲ. ಕಿಟ್ಟಿನಲ್ಲಿ ಏನಿರುತ್ತೆ ಅಂತ ಕೀಲಿ ಹಿಡಿದಿದ್ದ ಹುಡುಗನೇ ಬಂದು ಕಿವಿಯಲ್ಲಿ ಹೇಳಿದ. ಎಂಟುನೂರು ರೂಪಾಯಿ ನೀರಿಗೆ. ಅಣಬೆ ಬೆಳೆಸಿದ್ದು ಇನ್ನೊಂದು. ಮೊದಲ ಚೀಲಗಳಿಗೆ ಹಸಿರು ಬೂಷ್ಟು ಬಂತು, ಎರಡನೇ ಸಲ ನಾಲ್ಕು ಕೆಜಿ ಬಂತು, ಸ್ಟಾಫ್‌ನವರೇ ಕೊಂಡರು.

ಬಸ್ಸು, ಬಾಲು ಅರ್ಧ ಕೆಲಸ. ಉಳಿದರ್ಧ ಒಂದು ನಿಯಮ: ತಾನಾಗಿ ಬಂದು ಹೇಳಿದವನಿಗೆ ಟಿಸಿ ಇಲ್ಲ, ಪೊಲೀಸ್ ಇಲ್ಲ. ಮಾರುವವನಿಗೆ ಈ ರಿಯಾಯಿತಿ ಇಲ್ಲ. ಇದಕ್ಕೆ ಭಾರಿ ಗಲಾಟೆ ಆಯಿತು. “ಗಾಂಜಾ ಸೇದೋರಿಗೆ ಸನ್ಮಾನ ಮಾಡಿ” ಅಂದರು. ನಾನು ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64-ಎ ಸೆಕ್ಷನ್ ತೆಗೆದಿಟ್ಟೆ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ, ಸಣ್ಣ ಪ್ರಮಾಣದ ಕೇಸಿನಲ್ಲಿ ಮೊಕದ್ದಮೆಯಿಂದ ವಿನಾಯಿತಿ ಕೊಡುವ ಸೆಕ್ಷನ್ ಅದು. 1985ರ ಅಷ್ಟು ಗಟ್ಟಿ ಕಾನೂನಿನಲ್ಲೇ ಬಾಗಿಲು ಇಟ್ಟಿರುವಾಗ ನಾವು ಅದಕ್ಕಿಂತ ದೊಡ್ಡವರಾ? ಪ್ರಿನ್ಸಿಪಾಲರು ಒಲ್ಲದ ಮನಸ್ಸಿನಿಂದ ಒಂದು ವರ್ಷಕ್ಕೆ ಒಪ್ಪಿದರು.

ಎರಡು ತಿಂಗಳು ಒಬ್ಬನೂ ಬರಲಿಲ್ಲ. ಮೂರನೆಯದರಲ್ಲಿ ಒಬ್ಬ, ವರ್ಷದ ಕೊನೆಗೆ ಹದಿನಾಲ್ಕು. ಮನೆಗೆ ತಿಳಿಸದೆ ಚಿಕಿತ್ಸೆ ಆಗುವುದಿಲ್ಲ, ಅದನ್ನು ಮೊದಲ ದಿನವೇ ಹೇಳುತ್ತಿದ್ದೆ. ಆದರೆ ಮನೆಯಲ್ಲಿ ಮೊದಲು ಯಾರಿಗೆ ಹೇಳಬೇಕು ಅನ್ನುವುದನ್ನು ಹುಡುಗನೇ ಆರಿಸಲಿ ಅಂತ ಬಿಟ್ಟೆ. ಒಬ್ಬನೂ ಅಪ್ಪನ ಹೆಸರು ಹೇಳಲಿಲ್ಲ. ಅಕ್ಕ, ಇಲ್ಲವೇ ಸೋದರಮಾವ. ಆ ಅಕ್ಕಂದಿರೇ ಮಂಗಳವಾರ ಆಸ್ಪತ್ರೆಗೆ ಕರೆದುಕೊಂಡು ಬರುತ್ತಿದ್ದರು. ಡಾಕ್ಟರ್ ಇಲ್ಲದ ದಿನ 14446ಕ್ಕೆ ಫೋನ್ ಮಾಡಿಸುತ್ತಿದ್ದೆ, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ಕರೆಗೆ ದುಡ್ಡು ಕೊಡಬೇಕಾಗಿಲ್ಲ.

ಎರಡು ವರ್ಷದ ಮೇಲೆ ಅದೇ ಚೀಟಿ. ಮೂಸುವುದು ಹನ್ನೊಂದರಿಂದ ಎರಡಕ್ಕೆ. ತಂಬಾಕು ನಲವತ್ತರ ಹತ್ತಿರ ಬಂದು ನಿಂತಿದೆ, ಅಲ್ಲಿಂದ ಅಲ್ಲಾಡುತ್ತಿಲ್ಲ. ಮನೆಯಲ್ಲಿ ಅಜ್ಜನಿಂದ ಎಲ್ಲರೂ ಜಗಿಯುವಾಗ ನಾನು ನೆಟ್ಟು ಕಟ್ಟಿ ಏನು ಮಾಡಲಿ? ಗಾಂಜಾ ಐದಿದ್ದದ್ದು ನಾಲ್ಕು, ಅದನ್ನು ಗೆಲುವು ಅನ್ನುವುದಿಲ್ಲ. ಅದು ಬಸ್ಸಿನ ಹೊತ್ತಿನ ಚಟವೂ ಅಲ್ಲ.

ಆಗ ಒಲ್ಲದ ಮನಸ್ಸಿನಿಂದ ಒಪ್ಪಿದ್ದ ಪ್ರಿನ್ಸಿಪಾಲರು ಈಗ ಬೇರೆ ತಾಲ್ಲೂಕಿನಲ್ಲಿದ್ದಾರೆ. ಹೋದ ವಾರ ಫೋನ್ ಮಾಡಿ, ಆ ಚೀಟಿಯ ನಮೂನೆ ಕಳಿಸಿ ಅಂದರು. ಕಳಿಸಿದೆ. ಹುಟ್ಟಿಸಿದ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ, ಅವರ ಊರಿಗೆ ಅವರೇ ಒಂದು ಹುಟ್ಟಿಸಿಕೊಳ್ಳಲಿ.