ಒಂದೇ ರಾಕೆಟ್, ಎರಡು ಪ್ಲೇನ್, ಹದಿನೈದು ತಿಂಗಳು: ನನ್ನ ಅನುಭವ

ಹೋದ ತಿಂಗಳು ಎರಡನೇ ಗುಂಪಿನ ಮೂರೂ ಉಪಗ್ರಹಗಳು ತಮ್ಮ ಜಾಗಕ್ಕೆ ಬಂದವು. ಎರಡು ಪ್ಲೇನ್‌ಗಳ (ಪ್ಲೇನ್ ಅಂದರೆ ಕಕ್ಷೆ ಮಲಗಿರುವ ಸಮತಲ) ನಡುವೆ ಈಗ 120 ಡಿಗ್ರಿ ಅಂತರ ಇದೆ, ಅರ್ಧ ಡಿಗ್ರಿ ಆಚೀಚೆ. ಒಂದೇ ರಾಕೆಟ್‌ನಲ್ಲಿ ಹೋದವನ್ನು ಎರಡು ಪ್ಲೇನ್‌ಗೆ ಹರಡುವುದು ಆಗುವ ಕೆಲಸ ಅಲ್ಲ ಎಂದು ರಿವ್ಯೂ ಮೀಟಿಂಗ್‌ನಲ್ಲಿ ಹೇಳಿದವರು ನಾಲ್ಕು ಜನ. ಅವರಲ್ಲಿ ಇಬ್ಬರು ಈಗ ನನ್ನ ಲೆಕ್ಕದ ಶೀಟ್ ಕೇಳಿದ್ದಾರೆ. ಅದಕ್ಕೇ ಬರೆಯಲು ಕೂತೆ.

ನಮಗೆ ಬೇಕಾಗಿದ್ದದ್ದು 35ರಿಂದ 44 ಡಿಗ್ರಿ ಅಕ್ಷಾಂಶದ ಬೆಳೆ ಪ್ರದೇಶಗಳ ಚಿತ್ರ, ದಿನಕ್ಕೆ ಹಲವು ಸಲ. ಕೈಯಲ್ಲಿದ್ದದ್ದು ಒಂಬತ್ತು ಉಪಗ್ರಹ. ಮೊದಲ ಡಿಸೈನ್ ಎಲ್ಲರೂ ಮಾಡುವಂಥದ್ದೇ: ಒಂಬತ್ತೂ ಸನ್ ಸಿಂಕ್ರನಸ್ ಕಕ್ಷೆ, ಅಂದರೆ ಯಾವ ಜಾಗದ ಮೇಲೂ ಪ್ರತಿ ಸಲ ಒಂದೇ ಸ್ಥಳೀಯ ಹೊತ್ತಿಗೆ, ಇಲ್ಲಿ ಬೆಳಿಗ್ಗೆ ಹತ್ತೂವರೆಗೆ, ಹಾದುಹೋಗುವ ಕಕ್ಷೆ. ಸರಾಸರಿ ರಿವಿಸಿಟ್ (ಅದೇ ಜಾಗವನ್ನು ಮತ್ತೆ ನೋಡಲು ಹಿಡಿಯುವ ಸಮಯ) ಚೆನ್ನಾಗಿಯೇ ಬಂತು, ಎಲ್ಲರೂ ಒಪ್ಪಿದರು. ಆಮೇಲೆ ಹಳೆಯ ಮೋಡದ ಡೇಟಾ ಸೇರಿಸಿ ಓಡಿಸಿದೆ. ಕೆಲವು ಜಾಗಗಳಲ್ಲಿ ಸುಮಾರು ಹನ್ನೊಂದು ದಿನ ಒಂದೂ ಒಳ್ಳೆ ಚಿತ್ರ ಇಲ್ಲ! ಒಂಬತ್ತೂ ಹತ್ತೂವರೆಗೇ ಬಂದರೆ ಒಂಬತ್ತೂ ಅದೇ ಬೆಳಗಿನ ಮೋಡ ನೋಡುತ್ತವೆ, ಅಲ್ವಾ? ಅವತ್ತಿನಿಂದ ಸರಾಸರಿ ನೋಡುವುದನ್ನೇ ಬಿಟ್ಟೆ. ಅತಿ ಉದ್ದದ ಗ್ಯಾಪ್ ಎಷ್ಟು, ಅದೊಂದೇ ಅಂಕಿ ಸಾಕು.

ಹಾಗಾಗಿ ಮೂರನ್ನು ಮಾತ್ರ ಹತ್ತೂವರೆಗೆ ಉಳಿಸಿಕೊಂಡು, ಆರನ್ನು 45 ಡಿಗ್ರಿ ಇನ್‌ಕ್ಲಿನೇಷನ್‌ಗೆ, ಅಂದರೆ ಸಮಭಾಜಕಕ್ಕೆ 45 ಡಿಗ್ರಿ ಓರೆಯಾದ ಕಕ್ಷೆಗೆ, ಹಾಕಿದೆ. ಕಕ್ಷೆಯ ನೆತ್ತಿ ನಮ್ಮ ಪ್ರದೇಶದ ಪಕ್ಕದಲ್ಲೇ ಬೀಳುತ್ತದೆ. ಕ್ಯಾಮೆರಾವನ್ನು 30 ಡಿಗ್ರಿ ಓರೆ ಮಾಡಿದರೆ 40 ಡಿಗ್ರಿ ಅಕ್ಷಾಂಶದಲ್ಲಿ ಹಗಲಿನ ಪಾಸ್‌ಗಳು (ಉಪಗ್ರಹ ಆ ಜಾಗವನ್ನು ನೋಡುತ್ತಾ ಹಾದುಹೋಗುವ ಸಲಗಳು) ಸನ್ ಸಿಂಕ್ರನಸ್‌ಗಿಂತ ಹೆಚ್ಚುಕಡಿಮೆ ಎರಡೂವರೆ ಪಟ್ಟು ಬಂದವು. ಪಾಸ್ ಆಗುವ ಹೊತ್ತೂ ದಿನಾ ಸರಿಯುತ್ತದೆ. 500 ಕಿ.ಮೀ. ಎತ್ತರದಲ್ಲಿ ಆ ಹೊತ್ತು ಸರಿದು ಸರಿದು ಮೊದಲಿನ ಹೊತ್ತಿಗೇ ಬರಲು 56 ದಿನ. ಇದರಲ್ಲೇ ತೊಂದರೆಯೂ ಇದೆ. ಒಂದೇ ಪ್ಲೇನ್ ಇದ್ದರೆ ಕೆಲವು ವಾರ ಎಲ್ಲ ಪಾಸ್‌ಗಳೂ ರಾತ್ರಿಗೆ ಬೀಳುತ್ತವೆ. ಅಂದರೆ ಎರಡು ಪ್ಲೇನ್ ಬೇಕೇ ಬೇಕು.

ಎರಡನೇ ರಾಕೆಟ್‌ಗೆ ಬೆಲೆ ಕೇಳಿದಾಗ ಬಂದ ಅಂಕಿ ನಮ್ಮ ಎರಡು ಉಪಗ್ರಹಗಳ ಬೆಲೆಗಿಂತ ಜಾಸ್ತಿ ಇತ್ತು. ಎಂಜಿನ್‌ನಿಂದಲೇ ಪ್ಲೇನ್ ತಿರುಗಿಸಲು ಹೋದರೆ ಸೆಕೆಂಡಿಗೆ 9 ಕಿ.ಮೀ.ಯಷ್ಟು ವೇಗ ಬದಲಿಸಬೇಕು, ಅದು ಇನ್ನೊಂದು ಸಲ ನೆಲದಿಂದ ಹಾರಿದ ಹಾಗೆ. ಉಳಿದದ್ದು ಜೆ2: ಭೂಮಿಯ ನಡು ಉಬ್ಬಿರುವುದರಿಂದ ಕಕ್ಷೆಯ ಪ್ಲೇನ್ ತಾನಾಗಿಯೇ ತಿರುಗುತ್ತದೆ, ಎತ್ತರ ಕಡಿಮೆಯಾದಷ್ಟೂ ಬೇಗ. ಆರನ್ನೂ 600 ಕಿ.ಮೀ.ಗೆ ಬಿಟ್ಟು, ಮೂರನ್ನು ತಕ್ಷಣ 500ಕ್ಕೆ ಇಳಿಸಿದೆವು. ಅದಕ್ಕೆ ಖರ್ಚಾಗಿದ್ದು ಸೆಕೆಂಡಿಗೆ 55 ಮೀಟರ್ ಆಸುಪಾಸು. ಕೆಳಗಿನ ಪ್ಲೇನ್ ಮೇಲಿನದಕ್ಕೆ ಹೋಲಿಸಿದರೆ ದಿನಕ್ಕೆ ಕಾಲು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಮುಂದೆ ತಿರುಗುತ್ತಾ ಹೋಗುತ್ತದೆ. 120 ಡಿಗ್ರಿಗೆ ಹದಿನೈದು ತಿಂಗಳು. ಆಮೇಲೆ ಮೇಲಿನ ಮೂರನ್ನೂ ಇಳಿಸಿದರೆ ಅಂತರ ಅಷ್ಟಕ್ಕೇ ನಿಲ್ಲುತ್ತದೆ.

ಹದಿನೈದು ತಿಂಗಳು ಯಾರು ಕಾಯುತ್ತಾರೆ ಎಂಬುದೇ ಎಲ್ಲರ ತಕರಾರು. ತೈವಾನ್‌ನ ಫಾರ್ಮೋಸಾಟ್-3 ನೆನಪಿಸಿದೆ. 2006ರಲ್ಲಿ ಆರು ಉಪಗ್ರಹ ಒಂದೇ ರಾಕೆಟ್‌ನಲ್ಲಿ ಹೋಗಿ, ಇದೇ ಉಪಾಯದಿಂದ ಆರು ಪ್ಲೇನ್‌ಗೆ ಹರಡಿದವು. ಅದಕ್ಕಿಂತ ದೊಡ್ಡ ಉತ್ತರ ಬೇರೆ ಇತ್ತು: ಸರಿಯುವಾಗ ಕ್ಯಾಮೆರಾ ಸುಮ್ನೆ ಕೂರುವುದಿಲ್ಲ. ಮೊದಲ ತಿಂಗಳಿಂದಲೇ ಚಿತ್ರ ಮಾರಿದೆವು. 600 ಕಿ.ಮೀ.ಯಲ್ಲಿದ್ದವು ಚಿತ್ರದ ಒಂದು ಚುಕ್ಕೆಗೆ ನೆಲದ 1 ಮೀಟರ್ ಬದಲು 1.2 ಮೀಟರ್ ಕೊಡುತ್ತಿದ್ದವು, ಅದಕ್ಕೆ ಬೆಲೆಯಲ್ಲಿ ಆರನೇ ಒಂದು ಪಾಲು ಬಿಟ್ಟುಕೊಟ್ಟೆವು. ಆ ನಷ್ಟ ಎರಡನೇ ರಾಕೆಟ್‌ನ ಮುಂದೆ ಏನೂ ಅಲ್ಲ. ಯಾವ ಉಪಗ್ರಹವನ್ನು ಯಾವಾಗ, ಯಾವ ಕ್ರಮದಲ್ಲಿ ಇಳಿಸಿದೆ ಎನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ದುಡ್ಡು ಹೋದ ಕಥೆ. ಹಳೆಯ ಡಿಸೈನ್ ನಂಬಿ ಧ್ರುವದ ಹತ್ತಿರದ ಗ್ರೌಂಡ್ ಸ್ಟೇಷನ್‌ನಲ್ಲಿ ಒಂಬತ್ತು ಉಪಗ್ರಹಕ್ಕೂ ಚಿತ್ರ ಕೆಳಗಿಳಿಸುವ ನಿಮಿಷಗಳನ್ನು ಮುಂಗಡ ಖರೀದಿಸಿದ್ದೆವು. 45 ಡಿಗ್ರಿ ಕಕ್ಷೆಯಲ್ಲಿರುವುದು 78 ಡಿಗ್ರಿ ಉತ್ತರದ ಆಂಟೆನಾಗೆ ಕಾಣುವುದೇ ಇಲ್ಲ. ಡಿಸೈನ್ ಬದಲಾದ ದಿನವೇ ಆ ಕರಾರನ್ನು ತೆಗೆದು ನೋಡಬೇಕಿತ್ತು, ನೋಡಲಿಲ್ಲ. ಮೂರನೇ ಎರಡು ಪಾಲು ದುಡ್ಡು ಹೋಯಿತು. ಆಮೇಲೆ ಮಧ್ಯ ಅಕ್ಷಾಂಶದಲ್ಲಿ ಮೂರು ಸ್ಟೇಷನ್ ಹಿಡಿದೆವು. ಅವು ಸಿಗುವವರೆಗೆ ತೆಗೆದ ಚಿತ್ರಗಳಲ್ಲಿ ಅರ್ಧ ಕೆಳಗೆ ಬರಲೇ ಇಲ್ಲ, ಮೆಮೊರಿ ತುಂಬಿ ಅಳಿಸಬೇಕಾಯಿತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಬಿಸಿಯದ್ದೂ ಅಷ್ಟೇ. ಹತ್ತೂವರೆ ಕಕ್ಷೆಗೆ ಮಾಡಿದ ಥರ್ಮಲ್ ಡಿಸೈನ್‌ ಅನ್ನೇ ಆರಕ್ಕೂ ಹಾಕಿದೆವು. ಅಲ್ಲಿ ಬೀಟಾ ಕೋನ (ಕಕ್ಷೆಯ ಪ್ಲೇನ್‌ಗೂ ಸೂರ್ಯನ ದಿಕ್ಕಿಗೂ ನಡುವಿನ ಕೋನ) 20 ಚಿಲ್ಲರೆ ಡಿಗ್ರಿ. ಇಲ್ಲಿ 68ರವರೆಗೂ ಏರುತ್ತದೆ, ಆಗ ಭೂಮಿಯ ನೆರಳೇ ಸಿಗುವುದಿಲ್ಲ. ಒಂದು ಉಪಗ್ರಹದ ಬ್ಯಾಟರಿ ಸೊರಗಿತು. ಈಗ ಅಂಥ ದಿನಗಳಲ್ಲಿ ಅದನ್ನು ಓರೆಯಾಗಿ ನಿಲ್ಲಿಸಿ ಅರ್ಧ ಕೆಲಸ ಮಾತ್ರ ಮಾಡಿಸುತ್ತೇವೆ.

ಸಂಜೆಯ ಚಿತ್ರಗಳ ನೆರಳು ಇನ್ನೊಂದು ತಲೆನೋವು. ಹೊತ್ತು ಬದಲಾದರೆ ಅದೇ ಹೊಲದ ಹಸಿರಿನ ಅಂಕಿಯೂ ಬದಲಾಗುತ್ತದೆ. ಹತ್ತೂವರೆಯ ಮೂರನ್ನು ಉಳಿಸಿಕೊಂಡದ್ದು ಇದಕ್ಕೇ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳೂ ಅದೇ ಹೊತ್ತಿಗೆ ಬರುತ್ತವೆ, ಅವುಗಳ ಚಿತ್ರಗಳು ಬಿಟ್ಟಿ ಸಿಗುತ್ತವೆ. ಮೊದಲು ಮೂರರ ಅಂಕಿಗಳನ್ನು ಅವಕ್ಕೆ ಹೊಂದಿಸಿ, ಆಮೇಲೆ ಆರನ್ನು ಈ ಮೂರಕ್ಕೆ ಹೊಂದಿಸುತ್ತೇವೆ.

ಆ ಮೂರರಲ್ಲೂ ಒಂದು ಪ್ರಯೋಗ ಮಾಡಿದೆ. 567 ಕಿ.ಮೀ. ಹತ್ತಿರ ನಿಲ್ಲಿಸಿದರೆ ದಿನಕ್ಕೆ ಸರಿಯಾಗಿ 15 ಸುತ್ತು, ನಿನ್ನೆಯ ಗೆರೆ ಮೇಲೇ ಇವತ್ತೂ. ಒಬ್ಬ ಗ್ರಾಹಕರಿಗೆ ಒಂದೇ ಜಾಗದ ಚಿತ್ರ ದಿನಾ ಬೇಕಿತ್ತು, ಅವರಿಗೆ ಖುಷಿಯಾಯಿತು. ಆದರೆ ಸಮಭಾಜಕದಲ್ಲಿ ಗೆರೆಗಳ ನಡುವೆ 2,670 ಕಿ.ಮೀ. ಅಂತರ, ಓರೆ ಮಾಡಿದರೂ ನೋಡಲಾಗುವುದು ಅದರಲ್ಲಿ ಕಾಲು ಭಾಗ. ಎರಡು ವಾರದಲ್ಲಿ ಉಳಿದ ಗ್ರಾಹಕರ ಫೋನ್ ಶುರುವಾಯಿತು. ಹತ್ತು ಕಿ.ಮೀ. ಇಳಿಸಿದೆವು.

ಒಂದೊಂದು ಪ್ಲೇನ್ ಒಳಗೆ ಮೂರನ್ನೂ ದೂರ ದೂರ ಮಾಡಲು ಇಂಧನ ಮುಟ್ಟಲಿಲ್ಲ. ಪ್ಲಾನೆಟ್ ಕಂಪನಿಯ ಪುಟ್ಟ ಡವ್ ಉಪಗ್ರಹಗಳ ಹಾಗೆ ಸೋಲಾರ್ ಪ್ಯಾನೆಲ್ ತಿರುಗಿಸಿ, ಗಾಳಿಯ ಎಳೆತದಿಂದಲೇ ಮಾಡಿದೆವು. ಎರಡು ತಿಂಗಳು ಹಿಡಿಯಿತು. ಸೌರ ಬಿರುಗಾಳಿಯ ದಿನಗಳಲ್ಲಿ ಮಾತ್ರ ಕೈ ಹಾಕಬೇಡಿ, ಆಗ ಮೇಲಿನ ಗಾಳಿ ದಟ್ಟವಾಗಿ ಎಳೆತ ಏರುತ್ತದೆ. 2022ರ ಫೆಬ್ರವರಿಯಲ್ಲಿ ಆಗಷ್ಟೇ ಹಾರಿದ ಸ್ಟಾರ್‌ಲಿಂಕ್‌ಗಳಲ್ಲಿ ಹೆಚ್ಚಿನವು ಇಂಥ ಎಳೆತಕ್ಕೇ ಸಿಕ್ಕಿ ಬಿದ್ದುಹೋದವು.

ಮೋಡವನ್ನೂ ಸೇರಿಸಿ ಈಗ ಅತಿ ಉದ್ದದ ಗ್ಯಾಪ್ ನಾಲ್ಕು ದಿನದ ಹತ್ತಿರ ಇದೆ. ಬ್ಯಾಟರಿ ಸೊರಗಿದ ಆ ಒಂದು ಪೂರ್ತಿ ಕೆಲಸ ಮಾಡಿದ್ದರೆ ಮೂರಕ್ಕೆ ಬರುತ್ತಿತ್ತು.