ಆಸ್ಟ್ರೇಲಿಯಾದಲ್ಲಿ ಫೋರ್ಕ್‌ಲಿಫ್ಟ್ ಓಡಿಸಬೇಕಾ? ಮೊದಲು ‘ಟಿಕೆಟ್’ ತಗೊಳ್ಳಿ

ಮೆಲ್ಬರ್ನ್‌ಗೆ ಓದಲು ಬರುವ ನಮ್ಮ ಹುಡುಗರಲ್ಲಿ ಎಷ್ಟೋ ಜನರಿಗೆ ಮೊದಲ ಕೆಲಸ ಸಿಗುವುದು ಟ್ರುಗನೀನಾ, ಲ್ಯಾವರ್ಟನ್ ನಾರ್ತ್ ಕಡೆಯ ವೇರ್‌ಹೌಸ್‌ಗಳಲ್ಲಿ. ಬಾಕ್ಸ್ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡ ಮೇಲೆ ಕಣ್ಣು ಹೋಗುವುದು ಮುಂದಿನ ಎರಡು ಉದ್ದ ಫೋರ್ಕ್‌ಗಳಿಂದ ಸರಕು ಎತ್ತುವ ಗಾಡಿ, ಫೋರ್ಕ್‌ಲಿಫ್ಟ್ ಮೇಲೆ. ಕೂತು ಮಾಡುವ ಕೆಲಸ ಅಲ್ವಾ!

ನನಗೂ ಹಾಗೇ ಆಯಿತು. ಎರಡನೇ ವಾರವೇ ಸೂಪರ್‌ವೈಸರ್ ಕೀ ಕೊಟ್ಟು, “ಆ ಪ್ಯಾಲೆಟ್ ಸ್ವಲ್ಪ ಪಕ್ಕಕ್ಕೆ ಸರಿಸಿಬಿಡು” ಅಂದರು. ಪ್ಯಾಲೆಟ್ ಅಂದರೆ ಸರಕು ಪೇರಿಸಿಡುವ ಹಲಗೆಯ ಅಟ್ಟೆ. ಊರಲ್ಲಿ ಟ್ರ್ಯಾಕ್ಟರ್ ಓಡಿಸಿದ ಧೈರ್ಯದಲ್ಲಿ ಹತ್ತಿ ಕೂತೆ. ಪಕ್ಕದಲ್ಲಿದ್ದ ಹಳೇ ಡ್ರೈವರ್ “ಟಿಕೆಟ್ ಇದೆಯಾ?” ಅಂತ ಕೇಳಿದರು. ಬಸ್ಸಲ್ಲದ ಗಾಡಿಗೆ ಟಿಕೆಟ್ ಯಾಕೆ ಅಂತ ನಾನು ಮುಖ ನೋಡಿದೆ. ಅವರು ಸುಮ್ನೆ ಕೀ ತಿರುಗಿಸಿ ನನ್ನನ್ನು ಕೆಳಗಿಳಿಸಿದರು.

ಇಲ್ಲಿ ಟಿಕೆಟ್ ಅಂದರೆ ಹೈ ರಿಸ್ಕ್ ವರ್ಕ್ ಲೈಸೆನ್ಸ್. ಕೊಡುವುದು ಸರ್ಕಾರ: ವಿಕ್ಟೋರಿಯಾದಲ್ಲಿ ವರ್ಕ್‌ಸೇಫ್, ನ್ಯೂ ಸೌತ್ ವೇಲ್ಸ್‌ನಲ್ಲಿ ಸೇಫ್‌ವರ್ಕ್. ಯಾವ ರಾಜ್ಯದಲ್ಲಿ ತಗೊಂಡರೂ ಇಡೀ ದೇಶದಲ್ಲಿ ನಡೆಯುತ್ತದೆ. ವಯಸ್ಸು 18 ತುಂಬಿರಬೇಕು. ಕಾರಿನ ಲೈಸೆನ್ಸ್ ಇದಕ್ಕೆ ಆಗುವುದಿಲ್ಲ. ಗಲ್ಫ್‌ನಲ್ಲಿ ಹತ್ತು ವರ್ಷ ಓಡಿಸಿ ಬಂದ ಮಂಗಳೂರಿನವರೂ ಇಲ್ಲಿ ಪರೀಕ್ಷೆ ಪಾಸಾಗಲೇಬೇಕು.

ಸಾಮಾನ್ಯ ಫೋರ್ಕ್‌ಲಿಫ್ಟ್‌ಗೆ ಬೇಕಾದ ವರ್ಗ ಎಲ್‌ಎಫ್. ಎತ್ತರದ ಕಪಾಟುಗಳಿಗೆ ಸರಕು ಏರಿಸುವ ರೀಚ್ ಟ್ರಕ್ ಕೂಡ ಇದರಲ್ಲೇ ಬರುತ್ತದೆ. ಸರಕಿನ ಜೊತೆ ಡ್ರೈವರನ್ನೂ ಮೇಲಕ್ಕೆ ಎತ್ತುವ ಆರ್ಡರ್ ಪಿಕರ್‌ಗೆ ಎಲ್‌ಒ ಬೇರೆ ಬೇಕು. ಹಿಂದೆ ನಡೆದುಕೊಂಡು ತಳ್ಳುವ ಪ್ಯಾಲೆಟ್ ಜ್ಯಾಕ್‌ಗೆ ಲೈಸೆನ್ಸ್ ಬೇಡ.

ಕಲಿಯುವುದು ಆರ್‌ಟಿಒದಲ್ಲಿ. ಗಾಬರಿಯಾಗಬೇಡಿ, ನಮ್ಮೂರಿನ ಆರ್‌ಟಿಒ ಆಫೀಸ್ ಅಲ್ಲ. ಇಲ್ಲಿ ಅದು ನೋಂದಾಯಿತ ತರಬೇತಿ ಸಂಸ್ಥೆ. ದುಡ್ಡು ಕಟ್ಟುವ ಮೊದಲು ಕೋರ್ಸಿನ ಕೋಡ್ ಟಿಎಲ್‌ಐಎಲ್‌ಐಸಿ0003 ಹೌದಾ ಅಂತ ಕೇಳಿ. ಯುಎಸ್‌ಐ ಎಂಬ ವಿದ್ಯಾರ್ಥಿ ನಂಬರ್ ಕೂಡ ಬೇಕು, ಅದನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಮಾಡಿಸಿಕೊಳ್ಳಬಹುದು. ಬರೀ ಆನ್‌ಲೈನ್ ಪಾಠ ಮುಗಿಸಿ ಪ್ರಿಂಟ್ ತೆಗೆದ ಸರ್ಟಿಫಿಕೇಟ್ ಲೈಸೆನ್ಸ್ ಅಲ್ಲ. ಅದನ್ನು ನಂಬಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ.

ಪರೀಕ್ಷೆ ಇಂಗ್ಲಿಷ್‌ನಲ್ಲೇ: ತಿಳಿವಳಿಕೆಯ ಪ್ರಶ್ನೆಗಳು, ಲೆಕ್ಕ, ಆಮೇಲೆ ಗಾಡಿ ಓಡಿಸಿ ತೋರಿಸುವುದು. ಲೆಕ್ಕ ಅಂದರೆ ಹೆದರುವಂಥದ್ದೇನಲ್ಲ. 25 ಕೆಜಿಯ 40 ಚೀಲ, 30 ಕೆಜಿಯ ಪ್ಯಾಲೆಟ್, ಒಟ್ಟು 1030 ಕೆಜಿ. ಈ ಗಾಡಿ ಎತ್ತಬಹುದಾ? ಉತ್ತರ ಗಾಡಿಯ ಮೇಲಿನ ಡೇಟಾ ಪ್ಲೇಟ್‌ನಲ್ಲಿದೆ. ಗಾಡಿಗೆ 2500 ಕೆಜಿ ಅಂತ ಬರೆದಿದ್ದರೂ ಎಷ್ಟು ಎತ್ತರಕ್ಕೆ, ಭಾರದ ಮಧ್ಯಭಾಗ ಫೋರ್ಕಿನ ಬುಡದಿಂದ ಎಷ್ಟು ದೂರದಲ್ಲಿ ಅಂತ ನೋಡಬೇಕು. ಇಲ್ಲಿನ ಪ್ಯಾಲೆಟ್ 1165 ಮಿ.ಮೀ. ಚೌಕ. ಅರ್ಧ ಅಂದರೆ ಸುಮಾರು 583, ಆದ್ದರಿಂದ ಪ್ಲೇಟ್‌ನಲ್ಲಿ 600ರ ಸಾಲು ಹುಡುಕಿ. ಮಾಸ್ಟ್ (ಫೋರ್ಕ್‌ಗಳನ್ನು ಏರಿಸುವ ಕಂಬ) ಮೇಲೆ ಹೋದ ಹಾಗೆ ಎತ್ತುವ ಶಕ್ತಿ ಕಡಿಮೆಯಾಗುತ್ತದೆ.

ಓಡಿಸುವಾಗ ಕಾರಿನ ಅಭ್ಯಾಸವೇ ಮೋಸ ಮಾಡುತ್ತದೆ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ. ಮುಂದೆ ಜಾಗ ಇದೆ ಅಂತ ತಿರುಗಿಸಿದರೆ ಹಿಂಭಾಗ ರ‍್ಯಾಕ್‌ಗೆ ತಗುಲುತ್ತದೆ. ಹತ್ತುವ ಮೊದಲು ಟೈರ್, ಹಾರ್ನ್, ಚೈನ್, ಎಣ್ಣೆ ಸೋರಿಕೆ ನೋಡಿ. ಫೋರ್ಕ್‌ಗಳನ್ನು ಇಲ್ಲಿ ‘ಟೈನ್ಸ್’ ಅನ್ನುತ್ತಾರೆ, ಅವುಗಳಲ್ಲಿ ಬಿರುಕಿದೆಯಾ ಅಂತಲೂ ನೋಡಿ. ಸೀಟ್‌ಬೆಲ್ಟ್ ಮರೆಯಬೇಡಿ. ಗಾಡಿ ಮಗುಚಿದರೆ ಹೊರಗೆ ಹಾರುವವರೇ ಅದರಡಿ ಸಿಕ್ಕಿಕೊಳ್ಳುವುದು. ಒಳಗೇ ಗಟ್ಟಿಯಾಗಿ ಹಿಡಿದು ಕೂರಬೇಕು. ಸರಕು ಎದುರಿನ ದಾರಿಗೆ ಅಡ್ಡವಾದರೆ ರಿವರ್ಸ್‌ನಲ್ಲಿ ಹೋಗಿ.

ಪಾಸಾದ ಕೂಡಲೇ ಕೆಲಸ ಮುಗಿಯಲಿಲ್ಲ. ಅದರ ಪತ್ರ ಹಿಡಿದು 60 ದಿನದೊಳಗೆ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. ಕಾರ್ಡ್ 5 ವರ್ಷ ನಡೆಯುತ್ತದೆ. ಅವಧಿ ಮುಗಿಯುವ ಮೊದಲೇ ನವೀಕರಿಸಿ, ತುಂಬಾ ದಿನ ಬಿಟ್ಟರೆ ಮತ್ತೆ ಮೊದಲಿಂದ.

ಕಾರ್ಡ್ ಸಿಕ್ಕ ಮೇಲೂ ಜಾಹೀರಾತುಗಳಲ್ಲಿ “ಹೈ ರೀಚ್ ಅನುಭವ ಬೇಕು”, ಅಂದರೆ ಎತ್ತರದಲ್ಲಿ ರೀಚ್ ಟ್ರಕ್ ಓಡಿಸಿದ ಅನುಭವ ಬೇಕು ಅಂತ ಇರುತ್ತದೆ. ಮೊದಲು ಲಾರಿಗೆ ಸರಕು ಹತ್ತಿಸಿ ಇಳಿಸುವ ಲೋಡಿಂಗ್ ಡಾಕ್‌ನ ಕೆಲಸಕ್ಕೆ ಅರ್ಜಿ ಹಾಕಿ, ರೀಚ್ ಟ್ರಕ್ ಅಲ್ಲಿಂದಲೇ ಕಲಿಯಿರಿ. ವಿದ್ಯಾರ್ಥಿ ವೀಸಾದಲ್ಲಿದ್ದರೆ, ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಎಂಬ ಮಿತಿ ಈ ಸೀಟಿನಲ್ಲಿ ಕೂತರೂ ಹಾಗೇ ಇರುತ್ತದೆ.