ಒಂದೇ ಬಾಟಲಿ ನೀರು, ಐದು ಉತ್ತರ: ಯಾವುದನ್ನು ಬರೆಯೋದು?

ಕೊಪ್ಪಳ, ಕುಷ್ಟಗಿ ಕಡೆ ಕೆಮಿಸ್ಟ್ರಿ ಓದುವವರು ಪ್ರಾಜೆಕ್ಟಿಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ನೋಡಿದರೆ ಸಾಕು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಕಷ್ಟ ಬರುವುದು ಅಳೆಯುವಾಗಲ್ಲ, ಅಳೆದ ಮೇಲೆ.

ಐದು ಸಲ ಅಳೆದಿದ್ದೀರಿ ಅಂದುಕೊಳ್ಳಿ. 1.42, 1.46, 1.44, 1.41, 1.62 ಬಂತು (ಲೆಕ್ಕ ತೋರಿಸಲು ನಾನೇ ಹಾಕಿದ ಅಂಕಿಗಳಿವು). ಸರಾಸರಿ 1.47. 1.5ರ ಮಿತಿಯ ಒಳಗೇ ಇದೆ ಅಂತ ಬರೆದು ಮುಗಿಸುವವರೇ ಜಾಸ್ತಿ. ಬರೀ ಸರಾಸರಿ ನೋಡಿ ನೀರಿಗೆ ಸರ್ಟಿಫಿಕೇಟ್ ಕೊಡಬಾರದು, ಅಂಕಿಗಳು ಎಷ್ಟು ಚದುರಿವೆ ಅನ್ನುವುದನ್ನೂ ನೋಡಬೇಕು.

ಅದಕ್ಕೆ ಸ್ಟ್ಯಾಂಡರ್ಡ್ ಡಿವಿಯೇಶನ್, ಅಂದರೆ ಎಸ್‌ಡಿ. ಪ್ರತಿ ರೀಡಿಂಗ್‌ನಿಂದ ಸರಾಸರಿ ಕಳೆಯಿರಿ, ವರ್ಗ ಮಾಡಿ, ಎಲ್ಲ ಕೂಡಿಸಿ, 4ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಐದು ರೀಡಿಂಗ್ ಇದ್ದರೂ 5ರಿಂದಲ್ಲ, 4ರಿಂದ. ಕ್ಯಾಲ್ಕುಲೇಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಬಟನ್ ಇರುತ್ತದೆ, ಎನ್ ಮೈನಸ್ ಒಂದು (ಎನ್ ಅಂದರೆ ಎಷ್ಟು ರೀಡಿಂಗ್ ಅನ್ನುವುದು) ಇರುವುದನ್ನೇ ಒತ್ತಿ. ಇಲ್ಲಿ 0.086 ಬರುತ್ತದೆ.

ಈಗ ಟಿ ಟೇಬಲ್ ತೆಗೆಯಿರಿ, ಅಂದರೆ ಸರಾಸರಿಯ ಆಚೀಚೆ ಎಷ್ಟು ± ಹಾಕಬೇಕು ಅಂತ ಲೆಕ್ಕ ಮಾಡಲು ಬೇಕಾದ ಅಂಕಿಗಳ ಪಟ್ಟಿ. ಗಾಸೆಟ್ ಅನ್ನುವವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದಾಗ, ಕಡಿಮೆ ಸ್ಯಾಂಪಲ್ ಇದ್ದಾಗ ಲೆಕ್ಕ ಹೇಗೆ ಅಂತ ತಲೆ ಕೆಡಿಸಿಕೊಂಡು 1908ರಲ್ಲಿ ‘ಸ್ಟೂಡೆಂಟ್’ ಅನ್ನುವ ಹೆಸರಲ್ಲಿ ಪ್ರಕಟಿಸಿದ್ದು ಇದರ ಮೂಲ. ಐದು ರೀಡಿಂಗ್‌ಗೆ, 95 ಪರ್ಸೆಂಟ್ ಭರವಸೆಗೆ, ಟಿ 2.776. ಅದನ್ನು ಎಸ್‌ಡಿಯಿಂದ ಗುಣಿಸಿ 5ರ ವರ್ಗಮೂಲದಿಂದ ಭಾಗಿಸಿದರೆ 0.11. ಉತ್ತರ 1.47 ± 0.11, ಅಂದರೆ 1.36ರಿಂದ 1.58. ಮಿತಿ 1.5 ನಡುವೆಯೇ ಸಿಕ್ಕಿಕೊಂಡಿತು, ಅಲ್ವಾ? ಒಳಗಿದೆ ಅಂತಲೂ ಹೇಳುವ ಹಾಗಿಲ್ಲ, ದಾಟಿದೆ ಅಂತಲೂ ಹೇಳುವ ಹಾಗಿಲ್ಲ.

ಎಲ್ಲ ಆ 1.62 ಮಾಡಿದ ಕೆಲಸ. ಹಾಗಂತ ಸುಮ್ನೆ ಹೊಡೆದು ಹಾಕಬೇಡಿ. ಮೊದಲು ಲ್ಯಾಬ್ ನೋಟ್‌ಬುಕ್ ನೋಡಿ: ಎಲೆಕ್ಟ್ರೋಡ್ (ನೀರಿಗೆ ಅದ್ದುವ ಮೀಟರಿನ ಕಡ್ಡಿ) ತೊಳೆದಿದ್ದಿರಾ, ಬಫರ್ (ಲೋಹಗಳು ಹಿಡಿದುಕೊಂಡ ಫ್ಲೋರೈಡನ್ನು ಬಿಡಿಸಲು ನೀರಿಗೆ ಹಾಕುವ ದ್ರಾವಣ) ಸರಿಯಾಗಿ ಹಾಕಿದ್ದಿರಾ? ಕಾರಣ ಸಿಗದಿದ್ದರೆ ಡೀನ್ ಮತ್ತು ಡಿಕ್ಸನ್ 1951ರಲ್ಲಿ ಕೊಟ್ಟ, ಒಂದು ಅಂಕಿಯನ್ನು ಲೆಕ್ಕದಿಂದ ಬಿಡಬಹುದಾ ಅಂತ ಹೇಳುವ ಕ್ಯೂ ಟೆಸ್ಟ್ ಇದೆ. ಅನುಮಾನದ ಅಂಕಿಗೂ ಅದರ ಪಕ್ಕದ್ದಕ್ಕೂ ಇರುವ ಅಂತರ 0.16, ದೊಡ್ಡದಕ್ಕೂ ಚಿಕ್ಕದಕ್ಕೂ 0.21. ಭಾಗಿಸಿದರೆ 0.76. ಐದು ರೀಡಿಂಗ್‌ಗೆ 95 ಪರ್ಸೆಂಟ್ ಟೇಬಲ್ 0.710 ಅನ್ನುತ್ತದೆ, ನಮ್ಮದು ಜಾಸ್ತಿ, ಹಾಗಾಗಿ ಬಿಡಬಹುದು. 99 ಪರ್ಸೆಂಟ್ ಟೇಬಲ್ ಹಿಡಿದರೆ 0.821, ಆಗ ಬಿಡುವ ಹಾಗಿಲ್ಲ! ಅದಕ್ಕೇ ಯಾವ ಟೇಬಲ್ ಅನ್ನುವುದನ್ನು ಅಳೆಯುವ ಮೊದಲೇ ತೀರ್ಮಾನ ಮಾಡಿ. ನೀರು ಉಳಿದಿದ್ದರೆ ಇನ್ನೂ ನಾಲ್ಕೈದು ಸಲ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು.

ಬಿಟ್ಟರೆ ಉಳಿದ ನಾಲ್ಕಕ್ಕೆ ಸರಾಸರಿ 1.43, ಎಸ್‌ಡಿ 0.022, ಟಿ 3.182. ಉತ್ತರ 1.43 ± 0.04. ಈಗ 1.5ರ ಒಳಗೆ. ಒಂದು ರೀಡಿಂಗ್ ಬಿಟ್ಟಿದ್ದನ್ನು, ಯಾವ ಟೆಸ್ಟ್ ಮೇಲೆ ಬಿಟ್ಟಿರಿ ಅನ್ನುವುದನ್ನು ರಿಪೋರ್ಟಿನಲ್ಲಿ ಬರೆಯಲೇಬೇಕು.

ಇನ್ನೊಂದು ಮಾತು. ರೀಡಿಂಗ್‌ಗಳೆಲ್ಲ ಒಂದಕ್ಕೊಂದು ಹೊಂದಿದರೂ ಎಲ್ಲವೂ ಒಟ್ಟಿಗೇ ತಪ್ಪಿರಬಹುದು. ನೀರಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದುಕೊಂಡು ಮೀಟರಿಗೆ ಕಾಣದಂತೆ ಮಾಡುತ್ತದೆ. ಇದನ್ನು ಎಸ್‌ಡಿ ಹಿಡಿಯುವುದಿಲ್ಲ. ಅದೇ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಹೆಚ್ಚಾಗುವಷ್ಟು ಫ್ಲೋರೈಡ್ ಸೇರಿಸಿ ಅಳೆಯಿರಿ, ಹೆಚ್ಚುಕಡಿಮೆ 2.43 ಬರಬೇಕು. 2.2 ಬಂದರೆ ಹಾಕಿದ್ದರಲ್ಲಿ ಮುಕ್ಕಾಲು ಪಾಲು ಮಾತ್ರ ಸಿಕ್ಕಿದೆ ಅಂತ ಅರ್ಥ, ಬಫರ್‌ನಿಂದಲೇ ಮತ್ತೆ ಶುರು ಮಾಡಿ. ಮತ್ತೆ ಈ ± 0.04 ಆ ಒಂದು ಬಾಟಲಿಗೆ ಮಾತ್ರ, ಬೋರ್‌ವೆಲ್‌ಗಲ್ಲ. ಬೋರ್‌ವೆಲ್ ಬಗ್ಗೆ ಹೇಳಬೇಕಾದರೆ ಮಳೆಗಾಲಕ್ಕೆ ಮುಂಚೆ, ಆಮೇಲೆ ಎರಡೂ ಸಲ ನೀರು ತರಬೇಕು, ಅದೂ ಗಾಜಿನದಲ್ಲ, ಪ್ಲಾಸ್ಟಿಕ್ ಬಾಟಲಿಯಲ್ಲಿ.